ಚಿಪ್ ಹೊಡೆಯುವಾಗ ಕೈ ಎಗರುತ್ತಿದ್ದರೆ

ಗಾಲ್ಫ್‌ನಲ್ಲಿ ಚಿಪ್ (ಗ್ರೀನ್, ಅಂದರೆ ಗುಂಡಿಯಿರುವ ನುಣುಪು ಹುಲ್ಲುಹಾಸಿನ ಹತ್ತಿರದಿಂದ ಬಾಲನ್ನು ತುಸು ಎತ್ತಿ ಹೊಡೆಯುವ ಸಣ್ಣ ಹೊಡೆತ) ಮಾಡುವಾಗ, ಬಾಲ್ ಇಲ್ಲದೆ ಸ್ವಿಂಗ್ ಮಾಡಿದರೆ ಸರಿ, ಬಾಲ್ ಮುಂದಿದ್ದರೆ ಬಲಗೈ ತಟ್ಟನೆ ಎಗರುತ್ತದೆ ಅಂದಿದ್ದೀರಿ. ಇದು ಯಿಪ್ಸ್ (ಹೊಡೆಯುವ ಹೊತ್ತಿಗೆ ಕೈ ತನ್ನಷ್ಟಕ್ಕೆ ಎಗರುವ ತೊಂದರೆ) ಇದ್ದ ಹಾಗೇ ಇದೆ. ಬರೀ ಟೆಕ್ನಿಕ್ ಕೆಟ್ಟಿದ್ದರೆ ಬಾಲ್ ಇಲ್ಲದಾಗಲೂ ಕೆಡಬೇಕಿತ್ತು, ಅಲ್ವಾ? ಅದಕ್ಕೇ ಅದೇ ಚಿಪ್ ಹೊಡೆತವನ್ನು ಸುಮ್ನೆ ಹೊಡೆಯುತ್ತಾ ಕೂರಬೇಡಿ. ಎಗರುವುದೇ ರೂಢಿಯಾಗಿಬಿಡುತ್ತದೆ.

ಮೊದಲು ಹಿಡಿತ ಬದಲಿಸಿ ನೋಡಿ. ಎಡಗೈ ಕೆಳಗೆ, ಬಲಗೈ ಮೇಲೆ. 2022ರಲ್ಲಿ ಯು.ಎಸ್. ಓಪನ್ ಗಾಲ್ಫ್ ಗೆದ್ದ ಮ್ಯಾಟ್ ಫಿಟ್ಜ್‌ಪ್ಯಾಟ್ರಿಕ್ ಹೀಗೇ ಚಿಪ್ ಮಾಡುತ್ತಾರೆ. ಬಲ ಮಣಿಕಟ್ಟಿನ ಆಟ ಜಾಸ್ತಿ ನಡೆಯುವುದಿಲ್ಲ. ಶುರುವಿನಲ್ಲಿ ಯಾರದೋ ಕೈ ಅನಿಸುತ್ತದೆ. ಅನಿಸಲಿ, ಹಳೇ ಚಾಳಿ ದಾರಿ ತಪ್ಪಬೇಕಾದದ್ದೇ ಅಲ್ಲಿ. ವೆಜ್‌ನ (ಚಿಪ್ ಮಾಡುವ ಓರೆ ಮುಖದ ಕೋಲಿನ) ಮುಂದಂಚು ನೆಲಕ್ಕೆ ಕಚ್ಚಬಾರದು, ತಳ ಹುಲ್ಲು ಸವರಿಕೊಂಡು ಹೋಗಬೇಕು. ಕಣ್ಣು ಬಾಲ್ ಮೇಲೆ ಬೇಡ, ಬಾಲ್ ಬೀಳಬೇಕಾದ ಜಾಗದ ಮೇಲಿರಲಿ.

ಪಂದ್ಯದ ದಿನ ಗ್ರೀನ್ ಅಂಚಿನಿಂದ ಹೊಡೆಯುವಾಗ ವೆಜ್ ಬದಲು ಪಟರ್ (ಬಾಲನ್ನು ನೆಲದ ಮೇಲೆ ಉರುಳಿಸುವ ಕೋಲು) ತೆಗೆದುಕೊಳ್ಳಿ, ನಾಚಿಕೆ ಯಾಕೆ? ಯಿಪ್ಸ್ ದೊಡ್ಡ ಆಟಗಾರರನ್ನೂ ಬಿಟ್ಟಿಲ್ಲ: ಗಾಲ್ಫ್ ಆಟಗಾರ ಬರ್ನ್‌ಹಾರ್ಡ್ ಲ್ಯಾಂಗರ್ ಪಟಿಂಗ್ ಯಿಪ್ಸ್‌ನಿಂದ ಒದ್ದಾಡಿ, ಹಿಡಿತ ಬದಲಿಸುತ್ತಲೇ 1985 ಮತ್ತು 1993ರಲ್ಲಿ ಮಾಸ್ಟರ್ಸ್ ಟೂರ್ನಿ ಗೆದ್ದವರು.

ಒಂದು ಮಾತು: ಬರೆಯುವಾಗ, ಲೋಟ ಎತ್ತುವಾಗಲೂ ಕೈ ಹೀಗೆ ಸೆಳೆಯುತ್ತಿದ್ದರೆ ಕೋಚ್ ಹತ್ತಿರ ಹೋಗುವ ಮೊದಲು ನರರೋಗ ತಜ್ಞರಿಗೆ ತೋರಿಸಿ.