ಕನ್ನಡ ಮೀಡಿಯಂ ಮಕ್ಕಳಿಗೆ ಕಾನೂನಿನ ಇಂಗ್ಲಿಷ್ ಪದ ಕಲಿಸಲು ಎಲ್ಲಿಂದ ಶುರು ಮಾಡಬೇಕು?

ಮಂಜೇಶ್ವರದ ಕಡೆ ಇಂಗ್ಲಿಷ್ ಟ್ಯೂಷನ್ ಕೊಡುತ್ತೀರಿ, ಕನ್ನಡ ಮೀಡಿಯಂನಲ್ಲಿ ಓದಿ ಎಲ್‌ಎಲ್‌ಬಿಗೆ ಹೊರಟ ಕೆಲವರು ಬಂದಿದ್ದಾರೆ, ನೀವು ವಕೀಲರಲ್ಲ, ಲ್ಯಾಟಿನ್ ಪದಗಳ ಪಟ್ಟಿ ಬಾಯಿಪಾಠ ಮಾಡಿಸಲಾ ಅಂತ ಕೇಳಿದ್ದೀರಿ. ನಾನು ಕಾಸರಗೋಡಿನಲ್ಲಿ ಇಂಥದೇ ಮಕ್ಕಳಿಗೆ, ಕೆಲವು ವಕೀಲ ಗುಮಾಸ್ತರಿಗೂ ಇಂಗ್ಲಿಷ್ ಕಲಿಸುತ್ತಾ ಬಂದವಳು. ನಾನೂ ವಕೀಲಳಲ್ಲ. ದಯವಿಟ್ಟು ಆ ಪಟ್ಟಿಯನ್ನು ಪಕ್ಕಕ್ಕಿಡಿ.

ಹೇಬಿಯಸ್ ಕಾರ್ಪಸ್ ಅಂತ ಕಂಡ ಕೂಡಲೇ ಮಕ್ಕಳು ಡಿಕ್ಷನರಿ ತೆಗೆಯುತ್ತಾರೆ. ಅದು ತಮಗೆ ಗೊತ್ತಿಲ್ಲ ಅನ್ನುವುದು ಅವರಿಗೆ ಗೊತ್ತು. ನಿಜವಾಗಿ ತೊಂದರೆ ಕೊಡುವುದು ಗೊತ್ತಿದೆ ಅಂದುಕೊಂಡ ಪದಗಳು. ಪಾರ್ಟಿ (ಕಕ್ಷಿದಾರ), ಸೂಟ್ (ದಾವೆ), ರಿಲೀಫ್ (ಕೋರ್ಟಿನಿಂದ ಕೇಳುವ ಪರಿಹಾರ), ಸರ್ವಿಸ್ (ನೋಟಿಸ್ ತಲುಪಿಸುವುದು), ಅಟ್ಯಾಚ್‌ಮೆಂಟ್. ಕೋರ್ಟಿನ ಕಾಗದದಲ್ಲಿ ಅಟ್ಯಾಚ್‌ಮೆಂಟ್ ಅಂದರೆ ಜಪ್ತಿ. ಮಗು ಅದನ್ನು ಇಮೇಲ್ ಜೊತೆ ಕಳಿಸುವ ಫೈಲ್ ಅಂದುಕೊಂಡು ಮುಂದೆ ಓದುತ್ತದೆ, ಡಿಕ್ಷನರಿ ಮುಟ್ಟುವುದೇ ಇಲ್ಲ. ಎಕ್ಸಿಕ್ಯೂಟ್ ಇನ್ನೂ ಕಷ್ಟದ್ದು. ದಸ್ತಾವೇಜು ಎಕ್ಸಿಕ್ಯೂಟ್ ಮಾಡುವುದೆಂದರೆ ಸಹಿ ಹಾಕಿ ಬರೆದುಕೊಡುವುದು. ಡಿಕ್ರಿ, ಅಂದರೆ ಸಿವಿಲ್ ಕೋರ್ಟಿನ ನಿರ್ಣಯ, ಎಕ್ಸಿಕ್ಯೂಟ್ ಮಾಡುವುದೆಂದರೆ ಜಾರಿ ಮಾಡಿಸುವುದು. ಮನುಷ್ಯನನ್ನು ಎಕ್ಸಿಕ್ಯೂಟ್ ಮಾಡಿದರೆ ಗಲ್ಲು. ಮೂರನ್ನೂ ಒಂದೇ ದಿನ, ಮೂರು ವಾಕ್ಯದಲ್ಲಿ ಕಲಿಸಿ.

ಪಠ್ಯಪುಸ್ತಕ ಹುಡುಕಬೇಡಿ, ಕಾಯ್ದೆಯನ್ನೇ ಹಿಡಿಯಿರಿ. 1872ರ ಇಂಡಿಯನ್ ಕಾಂಟ್ರಾಕ್ಟ್ ಆಕ್ಟ್ ಭಾಷೆ ಕಲಿಯುವವರಿಗೆ ಒಳ್ಳೆಯ ಗ್ರಂಥ ಅಂತಲೇ ನಾನು ಹೇಳುತ್ತೇನೆ. ಎರಡನೇ ಸೆಕ್ಷನ್ನಿನಲ್ಲಿ ಪ್ರಪೋಸಲ್, ಪ್ರಾಮಿಸ್, ಕನ್ಸಿಡರೇಷನ್, ಅಗ್ರಿಮೆಂಟ್, ಕಾಂಟ್ರಾಕ್ಟ್ ಒಂದರ ಮೇಲೊಂದು ಕಟ್ಟಿಕೊಂಡು ಬರುತ್ತವೆ. ಆಮೇಲೆ ಸೆಕ್ಷನ್‌ಗಳ ಕೆಳಗೆ ಪುಟ್ಟ ಉದಾಹರಣೆಗಳಿವೆ. 25ನೇ ಸೆಕ್ಷನ್ ನೋಡಿ. ಯಾವ ಕನ್ಸಿಡರೇಷನ್ನೂ ಇಲ್ಲದೆ ಎ ಎಂಬವನು ಬಿಗೆ 1,000 ರೂಪಾಯಿ ಕೊಡುತ್ತೇನೆ ಅನ್ನುತ್ತಾನೆ. ಅದು ವಾಯ್ಡ್, ಅಂದರೆ ಅಸಿಂಧು. ಪಕ್ಕದಲ್ಲೇ ಇನ್ನೊಂದು: ತಂದೆ ಪ್ರೀತಿಯಿಂದ ಮಗನಿಗೆ 1,000 ರೂಪಾಯಿ ಕೊಡುತ್ತೇನೆ ಅಂತ ಬರೆದು ರಿಜಿಸ್ಟರ್ ಮಾಡಿಸುತ್ತಾನೆ. ಅದು ಕಾಂಟ್ರಾಕ್ಟ್. ಎರಡನ್ನೂ ಬೋರ್ಡಿನಲ್ಲಿ ಬರೆದು, ಏನು ಬದಲಾಯಿತು ಅಂತ ಕೇಳಿ. ಕನ್ಸಿಡರೇಷನ್ ಅಂದರೆ ಇಲ್ಲಿ ‘ಪರಿಗಣನೆ’ ಅಲ್ಲ, ಮಾತಿಗೆ ಬದಲಾಗಿ ಸಿಗುವ ಪ್ರತಿಫಲ ಅಂತ ಅವರೇ ಕಂಡುಕೊಳ್ಳುತ್ತಾರೆ.

ಅಪರಾಧದ ಕಾಯ್ದೆಯಲ್ಲಿ ಕಳ್ಳತನದ ಸೆಕ್ಷನ್ನಿನಲ್ಲೂ ಹೀಗೆ. ಎ ಎಂಬವನು ಝಡ್‌ನ ಜಾಗದ ಮರ ಕಡಿಯುತ್ತಾನೆ. ಕದಿಯುವ ಉದ್ದೇಶ ಇದ್ದರೆ, ಮರ ನೆಲದಿಂದ ಬೇರೆಯಾದ ಕ್ಷಣವೇ ಅದು ಥೆಫ್ಟ್. ಮೂವಬಲ್ ಪ್ರಾಪರ್ಟಿ (ಚರ ಸೊತ್ತು), ಪೊಸೆಶನ್ (ಸ್ವಾಧೀನ), ಕನ್ಸೆಂಟ್ (ಒಪ್ಪಿಗೆ), ಡಿಸಾನೆಸ್ಟ್ಲಿ (ಅಪ್ರಾಮಾಣಿಕವಾಗಿ) ಎಲ್ಲ ಇದೊಂದೇ ಕಥೆಯಲ್ಲಿ ಸಿಗುತ್ತವೆ. ನಮ್ಮ ಮಕ್ಕಳಿಗೆ ಮರದ ಬದಲು ಅಡಿಕೆ ಗೊನೆ ಹಾಕಿ ಬರೆಯಲು ಹೇಳಿ, ಸರಾಗವಾಗಿ ಬರೆಯುತ್ತಾರೆ. 2024ರ ಜುಲೈ 1ರಿಂದ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಕಳ್ಳತನ ಈಗ 303, ಮೋಸದ ಹಳೆಯ 420 ಈಗ 318. ಹಳೆಯ ತೀರ್ಪುಗಳನ್ನು ಓದಬೇಕಲ್ವಾ, ಹಾಗಾಗಿ ಎರಡೂ ನಂಬರ್ ಬೇಕು.

ಈಗ ನಮ್ಮ ಊರಿಗೇ ಸೇರಿದ ವಿಷಯ. ಇದಕ್ಕೆ ಜಾಸ್ತಿ ಸಮಯ ಕೊಡಿ. ಕಾಸರಗೋಡು 1956ರವರೆಗೆ ಮದ್ರಾಸ್ ಕಡೆಯ ದಕ್ಷಿಣ ಕನ್ನಡಕ್ಕೆ ಸೇರಿತ್ತು. ಹಾಗಾಗಿ ನಮ್ಮ ಮನೆಗಳ ಹಳೆ ಕಾಗದದಲ್ಲಿ ವರ್ಗ, ಕುಮ್ಕಿ, ಮೂಲಗೇಣಿ, ಚಾಲಗೇಣಿ ಅನ್ನುವ ಮಾತುಗಳಿವೆ. ಮೂಲಗೇಣಿ ಶಾಶ್ವತ, ಚಾಲಗೇಣಿ ಒಡೆಯನ ಮರ್ಜಿಯ ಮೇಲೆ ನಿಂತದ್ದು. ಇಷ್ಟು ತಿಳಿದ ಮಗುವಿಗೆ ಪರ್ಮನೆಂಟ್ ಟೆನೆನ್ಸಿಗೂ ಟೆನೆನ್ಸಿ ಅಟ್ ವಿಲ್‌ಗೂ ಇರುವ ಅಂತರ ಕಲಿಸಲು ಐದು ನಿಮಿಷ ಸಾಕು. ಕುಮ್ಕಿ ಇನ್ನೂ ಒಳ್ಳೆಯದು. ವರ್ಗ ಜಾಗಕ್ಕೆ, ಅಂದರೆ ಕಂದಾಯ ಕಟ್ಟುವ ನಮ್ಮ ಸ್ವಂತ ಜಾಗಕ್ಕೆ, ತಾಗಿದ ಸರಕಾರಿ ಜಾಗದಲ್ಲಿ ಸೊಪ್ಪು, ಕಟ್ಟಿಗೆ ತರಬಹುದು, ದನ ಮೇಯಿಸಬಹುದು, ಆದರೆ ಜಾಗ ನಮ್ಮದಲ್ಲ. ಟೈಟಲ್ (ಒಡೆತನ), ಪೊಸೆಶನ್, ಪ್ರಿವಿಲೇಜ್ (ಸವಲತ್ತು) ಮೂರೂ ಬೇರೆ ಬೇರೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಎಲ್ಲಿದೆ? ಮನೆಯ ಹಿರಿಯರನ್ನು ಕೇಳಿಕೊಂಡು ಬರಲು ಹೇಳಿ. ಕಾಗದ ತಂದರೆ ಹೆಸರು, ಸರ್ವೆ ನಂಬರ್ ಮುಚ್ಚಿ ಜೆರಾಕ್ಸ್ ಮಾಡಿ ಬಳಸಿ.

ಮಲಯಾಳದ ಕಡೆಗೂ ಗಮನ ಇರಲಿ. ನಮ್ಮ ಮಕ್ಕಳು ಠಾಣೆ, ರಿಜಿಸ್ಟ್ರಿ ಕಾಗದಗಳನ್ನು ಮಲಯಾಳದಲ್ಲಿ ನೋಡಿರುತ್ತಾರೆ. ಅಲ್ಲಿ ‘ಪ್ರತಿ’ ಅಂದರೆ ಆರೋಪಿ, ನಮಗೆ ಅದು ನಕಲು. ‘ಅನ್ಯಾಯಂ’ ಅಂದರೆ ಅಲ್ಲಿ ದಾವೆಯ ಅರ್ಜಿ, ಅಂದರೆ ಪ್ಲೇಂಟ್. ಅಕ್ಯೂಸ್ಡ್ ಕ್ರಿಮಿನಲ್ ಕೇಸಿನವ, ಡಿಫೆಂಡೆಂಟ್ ಸಿವಿಲ್ ಕೇಸಿನವ ಅಂತ ಕಲಿಸುವಾಗ ಮೂರು ಭಾಷೆಯ ಪದಗಳನ್ನೂ ಒಂದೇ ಸಾಲಿನಲ್ಲಿ ಬರೆದುಬಿಡಿ. ಮೂರು ಭಾಷೆ ಗೊತ್ತಿರುವುದು ಈ ಮಕ್ಕಳ ಬಲ, ಅದನ್ನು ಕೊರತೆಯ ಹಾಗೆ ನೋಡುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ಇಲ್ಲಿಯ ಕೇಸು ಎರ್ನಾಕುಲಂನ ಹೈಕೋರ್ಟಿಗೆ ಹೋದರೆ, ಸಂವಿಧಾನದ 348ನೇ ವಿಧಿಯಂತೆ ಅಲ್ಲಿ ಇಂಗ್ಲಿಷೇ. ಅಲ್ಲಿ ಕನ್ನಡದ ಹುಡುಗಿಯೊಬ್ಬಳು ಧೈರ್ಯವಾಗಿ ನಿಲ್ಲಬೇಕು ಅಂತಲೇ ನಾವು ಕಲಿಸುವುದು.

ಪದವನ್ನು ಒಂಟಿಯಾಗಿ ಕೊಡಬೇಡಿ, ಕ್ರಿಯಾಪದದ ಜೊತೆ ಕೊಡಿ. ‘ಕೇಸ್ ಹಾಕಿದ’ ಅನ್ನುವ ನಮ್ಮವರು ‘ಪುಟ್ ಎ ಕೇಸ್’ ಅಂತ ಬರೆಯುತ್ತಾರೆ. ಸೂಟ್ ಫೈಲ್ ಮಾಡುವುದು, ನೋಟಿಸ್ ಸರ್ವ್ ಮಾಡುವುದು, ಬೇಲ್ ಗ್ರಾಂಟ್ ಮಾಡುವುದು, ಇಶ್ಯೂ (ತೀರ್ಮಾನಿಸಬೇಕಾದ ವಿವಾದದ ಅಂಶ) ಫ್ರೇಮ್ ಮಾಡುವುದು, ಡಿಕ್ರಿ ಪಾಸ್ ಮಾಡುವುದು. ಜೋಡಿಯಾಗಿಯೇ ನಾಲಿಗೆಗೆ ಹತ್ತಬೇಕು. ಪೇಪರಿನವರು ಎಲ್ಲಕ್ಕೂ ತೀರ್ಪು ಅನ್ನುತ್ತಾರೆ. ಸಿವಿಲ್ ಪ್ರೊಸೀಜರ್ ಕೋಡಿನಲ್ಲಿ ಮಾತ್ರ ಜಡ್ಜ್‌ಮೆಂಟ್ ಅಂದರೆ ನ್ಯಾಯಾಧೀಶರು ಕೊಡುವ ಕಾರಣಗಳು, ಡಿಕ್ರಿ ಅಂದರೆ ಹಕ್ಕು ಯಾರದು ಅಂತ ಕೊನೆಗೆ ನಿರ್ಧರಿಸಿದ್ದು.

‘ನಲ್ ಆಂಡ್ ವಾಯ್ಡ್’, ‘ವಿಲ್ ಆಂಡ್ ಟೆಸ್ಟಮೆಂಟ್’ ಥರದ ಜೋಡಿಗಳು ಯಾಕೆ ಅಂತ ಮಕ್ಕಳು ಕೇಳಿಯೇ ಕೇಳುತ್ತಾರೆ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡ್ ಗೆದ್ದ ಮೇಲೆ ಕೋರ್ಟಿನಲ್ಲಿ ಫ್ರೆಂಚ್, ಲ್ಯಾಟಿನ್, ಇಂಗ್ಲಿಷ್ ಬೆರೆತವು ಅಂತ ಹೇಳಿದರೆ ಸಾಕು. ನಮ್ಮ ಕ್ರಯಪತ್ರದ ‘ನಿಧಿ ನಿಕ್ಷೇಪ ಜಲ ಪಾಷಾಣ’ ಕೇಳಿದವರಿಗೆ ಈ ಸಾಲುಗಟ್ಟುವ ಅಭ್ಯಾಸ ಹೊಸದಲ್ಲ.

ಉಚ್ಚಾರಕ್ಕೆ ಸ್ವಲ್ಪ ಹೊತ್ತು ಇಡಿ. ಕೆಲವು ಪದಗಳನ್ನು ಬರೆದ ಹಾಗೆ ಓದುವಂತಿಲ್ಲ: ಇಂಡೈಟ್ (indict, ಆರೋಪ ಹೊರಿಸುವುದು), ಸಪೀನಾ (subpoena, ಸಾಕ್ಷಿಗೆ ಕೋರ್ಟಿನ ಕರೆ), ಲೀನ್ (lien, ಬಾಕಿ ತೀರುವವರೆಗೆ ಸೊತ್ತಿನ ಮೇಲಿನ ಹಕ್ಕು).

ಯಾರಾದರೂ ಸ್ವಂತ ಮನೆಯ ತಕರಾರು ಹಿಡಿದುಕೊಂಡು ಬಂದರೆ ಪದದ ಅರ್ಥ ಹೇಳಿ, ಸಲಹೆ ಹೇಳಬೇಡಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಕಳಿಸಿ. 1987ರ ಕಾಯ್ದೆಯಂತೆ ಹೆಂಗಸರಿಗೆ, ಪರಿಶಿಷ್ಟರಿಗೆ, ಇನ್ನೂ ಹಲವರಿಗೆ ಅಲ್ಲಿ ಪುಕ್ಕಟೆ ವಕೀಲರು ಸಿಗುತ್ತಾರೆ. ಕಾಯ್ದೆಗಳೆಲ್ಲ ಸರಕಾರದ ಇಂಡಿಯಾ ಕೋಡ್ ಸೈಟಿನಲ್ಲಿ ದುಡ್ಡಿಲ್ಲದೆ ಸಿಗುತ್ತವೆ. ಮೊದಲ ವಾರಕ್ಕೆ ಕಾಂಟ್ರಾಕ್ಟ್ ಆಕ್ಟಿನ 2 ಮತ್ತು 25ನೇ ಸೆಕ್ಷನ್ ಪ್ರಿಂಟ್ ಹಾಕಿಸಿ. ಮಕ್ಕಳು ಎಲ್ಲಿ ತಡವರಿಸಿದರು ಅಂತ ಇಲ್ಲೇ ಬರೆಯಿರಿ, ಮುಂದಿನ ಪಾಠ ಅದನ್ನು ನೋಡಿಕೊಂಡು ಹೇಳುತ್ತೇನೆ.