ಆಸ್ತಮಾ ಇರುವ ಅವ್ವನಿಗೆ ಕೊರೊನಾ ಬಂದರೆ ಜೀವಕ್ಕೆ ಅಪಾಯ ಜಾಸ್ತಿನಾ? ದಿನದ ಪಂಪು ನಿಲ್ಲಿಸಬೇಕಾ?

ನಿಮ್ಮ ಅವ್ವನಿಗೆ 58 ವರ್ಷ, ಹತ್ತು ವರ್ಷದಿಂದ ದಮ್ಮು. ದಿನಾ ಎಳೆಯುವ ಪಂಪಿನಲ್ಲಿ, ಅಂದರೆ ಇನ್ಹೇಲರ್‌ನಲ್ಲಿ, ಸ್ಟಿರಾಯ್ಡ್ ಇದೆ, ಅದು ಮೈಯ ತಾಕತ್ತು ಇಳಿಸುತ್ತದೆ, ಕೊರೊನಾ ಬಂದರೆ ಉಳಿಯೋದು ಕಷ್ಟ ಅಂತ ಬೀಗರೊಬ್ಬರು ಹೇಳಿದ್ದಾರೆ ಅಂತ ಬರೆದಿದ್ದೀರಿ.

ಪಂಪು ನಿಲ್ಲಿಸಬೇಡಿ. ಮೊದಲು ಅದು.

ನಾನು ಡಾಕ್ಟರ್ ಅಲ್ಲ. ಕಲಬುರಗಿ ಗಂಜ್‌ನಲ್ಲಿ ಒಂದು ದಾಲ್ ಮಿಲ್ಲಿನ ಲೆಕ್ಕ ಬರೆಯುತ್ತೇನೆ. ಚಿಕ್ಕಂದಿನಿಂದ ದಮ್ಮು ಇದೆ, ಸಾಲದ್ದಕ್ಕೆ ತೊಗರಿ ಧೂಳಿನಲ್ಲೇ ಹೊಟ್ಟೆಪಾಡು. ನೀವು ಈಗ ಮಾಡಬೇಕಾ ಅಂತ ಕೇಳುತ್ತಿರುವ ತಪ್ಪನ್ನು ನಾನು ಮಾಡಿ ಮುಗಿಸಿದ್ದೇನೆ.

2020ರ ಮಾರ್ಚ್ ನೆನಪಿದೆಯಲ್ಲ? ದೇಶದಲ್ಲಿ ಕೊರೊನಾದಿಂದ ಮೊದಲು ತೀರಿಕೊಂಡವರು ನಮ್ಮೂರಿನವರೇ. 76 ವರ್ಷದ ಹಿರಿಯರು, ಸೌದಿಗೆ ಹೋಗಿ ಬಂದಿದ್ದರು. ಅವರಿಗೆ ಬಿಪಿ ಇತ್ತು, ಜೊತೆಗೆ ಆಸ್ತಮಾನೂ ಇತ್ತು ಅಂತ ಸುದ್ದಿ ಬಂತು. ಆ ಒಂದು ಸಾಲು ಓದಿ ನಮ್ಮ ಮನೆಯಲ್ಲಿ ಎರಡು ದಿನ ಸರಿಯಾಗಿ ಯಾರೂ ಊಟ ಮಾಡಲಿಲ್ಲ. ಎಲ್ಲರೂ ನನ್ನ ಮುಖ ನೋಡುವವರೇ. ವಯಸ್ಸು 76 ಅನ್ನೋದು ಯಾರ ಕಿವಿಗೂ ಬೀಳಲಿಲ್ಲ, ಆಸ್ತಮಾ ಅನ್ನೋದು ಮಾತ್ರ ಬಿತ್ತು.

ಆಗ ನಮ್ಮ ಕಾಕಾ ಫೋನ್ ಮಾಡಿ, "ತಮ್ಮಾ, ಆ ಪಂಪಿನ್ಯಾಗ ಸ್ಟಿರಾಯ್ಡ್ ಇರ್ತದ, ಮೊದಲು ಬಿಡು" ಅಂದರು. ಬಿಟ್ಟೆ. ಉಸಿರು ಬಿಗಿದಾಗ ಮಾತ್ರ ನೀಲಿ ಪಂಪು, ಅಂದರೆ ಆಸ್ತಾಲಿನ್, ಎಳೆಯುತ್ತಿದ್ದೆ. ಮೊದಲ ಎರಡು ವಾರ ಏನೂ ಆಗಲಿಲ್ಲ. ನೋಡಿದ್ಯಾ, ಸುಮ್ನೆ ಇಷ್ಟು ವರ್ಷ ಎಳೀತಾ ಇದ್ದೆ ಅನ್ನಿಸಿತು. ಮೋಸ ಇರೋದೇ ಅಲ್ಲಿ. ದಿನದ ಪಂಪು ತಡೆದಿಟ್ಟಿದ್ದ ಉಸಿರಿನ ನಾಳದ ಬಾವು ಒಳಗೊಳಗೇ ಏರುತ್ತದೆ, ನೀಲಿ ಪಂಪು ನಾಳ ಅಗಲಿಸುತ್ತದೆಯೇ ಹೊರತು ಬಾವು ಇಳಿಸುವುದಿಲ್ಲ. ಮೇ ತಿಂಗಳ ಒಂದು ರಾತ್ರಿ, ಹೊರಗೆ ಝಳ, ಓಣಿಯಲ್ಲಿ ಬ್ಲೀಚಿಂಗ್ ಹೊಡೆದು ಹೋಗಿದ್ದರು. ಆ ವಾಸನೆಗೆ ಶುರುವಾದದ್ದು ನಿಲ್ಲಲೇ ಇಲ್ಲ. ಮಂಚದ ತುದಿಗೆ ಕೂತು, ಎರಡೂ ಕೈ ಮೊಳಕಾಲ ಮೇಲೆ ಊರಿ, ಎದೆಯಲ್ಲಿ ಸುಯ್ ಸುಯ್. ಒಂದು ವಾಕ್ಯ ಪೂರ್ತಿ ಹೇಳಲು ಆಗುತ್ತಿರಲಿಲ್ಲ. "ಆಟೋ... ಕರೀ..." ಅಷ್ಟೇ. ಲಾಕ್‌ಡೌನ್, ಆಟೋ ಎಲ್ಲಿಂದ ಬರಬೇಕು? ಪಕ್ಕದ ಮನೆಯವರ ಬೈಕಿನಲ್ಲಿ ನಡುವೆ ಕೂರಿಸಿಕೊಂಡು ಹೋದರು.

ಕೊರೊನಾ ಟೆಸ್ಟ್ ನೆಗೆಟಿವ್. ಅದು ಬರೀ ದಮ್ಮು, ಪಂಪು ಬಿಟ್ಟಿದ್ದಕ್ಕೆ. ಐದು ದಿನ ಸ್ಟಿರಾಯ್ಡ್ ಮಾತ್ರೆ ಕೊಟ್ಟರು, ದಿನಕ್ಕೆ 40 ಮಿಲಿಗ್ರಾಂ. ನಾನು ಹೆದರಿ ಬಿಟ್ಟ ಪಂಪಿನಲ್ಲಿ ಒಂದು ಸಲಕ್ಕೆ ಬರುತ್ತಿದ್ದದ್ದು 200 ಮೈಕ್ರೋಗ್ರಾಂ. ಸಾವಿರ ಮೈಕ್ರೋಗ್ರಾಂ ಸೇರಿದರೆ ಒಂದು ಮಿಲಿಗ್ರಾಂ. ಎರಡೂ ಬೇರೆ ಬೇರೆ ಔಷಧ, ತೂಕ ಹಾಗೇ ಹೋಲಿಸೋಕೆ ಬರಲ್ಲ. ಆದರೂ ಪಂಪಿನದು ಹೆಚ್ಚಾಗಿ ಉಸಿರಿನ ನಾಳದಲ್ಲೇ ಕೆಲಸ ಮಾಡುತ್ತದೆ, ಮಾತ್ರೆಯದು ಮೈತುಂಬಾ ಹರಿಯುತ್ತದೆ. ಗ್ರಾಂ ಉಳಿಸಲು ಹೋಗಿ ಚೀಲ ಕಳೆದುಕೊಂಡ ಲೆಕ್ಕ ನನ್ನದು.

ಈಗ ನಿಮ್ಮ ಮೂಲ ಪ್ರಶ್ನೆ. 2020ರಲ್ಲೇ ಇಂಗ್ಲೆಂಡಿನಲ್ಲಿ ಸುಮಾರು 1.7 ಕೋಟಿ ಜನರ ಆರೋಗ್ಯದ ದಾಖಲೆ ಇಟ್ಟುಕೊಂಡು, ಕೊರೊನಾದಿಂದ ಸತ್ತವರು ಯಾರು ಅಂತ ನೋಡಿದರು. ಆಸ್ತಮಾ ಇದ್ದೂ ಇತ್ತೀಚೆಗೆ ಸ್ಟಿರಾಯ್ಡ್ ಮಾತ್ರೆ ನುಂಗುವ ಪರಿಸ್ಥಿತಿ ಬಂದಿರದವರಲ್ಲಿ ಸಾವಿನ ಅಪಾಯ ಬೇರೆಯವರಿಗಿಂತ ಜಾಸ್ತಿ ಕಾಣಲಿಲ್ಲ. ಮಾತ್ರೆ ಬೇಕಾಗಿದ್ದವರಲ್ಲಿ ಸ್ವಲ್ಪ ಜಾಸ್ತಿ ಇತ್ತು. ಇವೆರಡಕ್ಕಿಂತ ಎಷ್ಟೋ ಪಾಲು ದೊಡ್ಡದಾಗಿ ಕಂಡದ್ದು ವಯಸ್ಸು. ಹಿಡಿತದಲ್ಲಿ ಇಲ್ಲದ ಸಕ್ಕರೆ ಕಾಯಿಲೆಯೂ ಆಸ್ತಮಾಗಿಂತ ಮುಂದಿತ್ತು. ಅಂದರೆ ಅವ್ವನ ಶುಗರ್ ಎಷ್ಟಿದೆ ಅಂತ ನೀವು ಕೇಳಲೇ ಇಲ್ಲವಲ್ಲ, ಅದನ್ನು ಮೊದಲು ನೋಡಿಸಿ. ಇನ್ನೊಂದು ತಮಾಷೆ. 2021ರಲ್ಲಿ ಆಕ್ಸ್‌ಫರ್ಡ್‌ನವರು ಕೊರೊನಾ ಬಂದವರಿಗೇ ಬುಡೆಸೊನೈಡ್ ಎಳೆಸಿ ನೋಡಿದರು, ಬೇಗ ಚೇತರಿಸಿಕೊಂಡರು. ಬುಡೆಸೊನೈಡ್ ಅಂದರೆ ನಾನು ಹೆದರಿ ಬಿಟ್ಟಿದ್ದ ಅದೇ ಔಷಧ.

ನನಗೆ ಕೊರೊನಾ ಬಂದದ್ದು 2021ರ ಮೇನಲ್ಲಿ, ಎರಡನೇ ಅಲೆಯಲ್ಲಿ. ಅಷ್ಟರಲ್ಲಿ ಒಂದು ವರ್ಷದಿಂದ ಪಂಪು ಒಂದು ದಿನವೂ ತಪ್ಪಿರಲಿಲ್ಲ. ನಾಲ್ಕು ದಿನ ಜ್ವರ, ಮೈಕೈ ನೋವು, ಒಗ್ಗರಣೆ ವಾಸನೆಯೂ ತಿಳಿಯುತ್ತಿರಲಿಲ್ಲ. ಬೆರಳಿಗೆ ಹಾಕುವ ಆಕ್ಸಿಮೀಟರ್ 96, 97 ತೋರಿಸುತ್ತಿತ್ತು. ಕೆಮ್ಮು ಮಾತ್ರ ಮೂರು ವಾರ ಬಿಡಲಿಲ್ಲ. ಆಸ್ಪತ್ರೆ ಸೇರುವ ಪ್ರಸಂಗ ಬರಲಿಲ್ಲ. ನನ್ನೊಬ್ಬನ ಕಥೆ ಪುರಾವೆ ಅಲ್ಲ, ಗೊತ್ತು. ಆ ತಿಂಗಳು ಗಟ್ಟಿಮುಟ್ಟಾದ, ಯಾವ ರೋಗವೂ ಇಲ್ಲದವರು ಹೋದದ್ದನ್ನೂ ನೋಡಿದ್ದೇನೆ.

ಒಂದು ಅನುಮಾನ ಹೇಳಿಬಿಡುತ್ತೇನೆ. ನಮ್ಮ ಕಡೆ ಉಸಿರಾಟದ ತೊಂದರೆಗೆಲ್ಲ ದಮ್ಮು ಅನ್ನೋದೇ ರೂಢಿ. ನಿಮ್ಮ ಅವ್ವ ವರ್ಷಗಟ್ಟಲೆ ಕಟ್ಟಿಗೆ ಒಲೆ ಮುಂದೆ ಕೂತವರಾ? ಹಾಗಿದ್ದರೆ ಅದು ಆಸ್ತಮಾ ಅಲ್ಲದೆ ಸಿಒಪಿಡಿ ಇರಬಹುದು. ಹೆಚ್ಚಾಗಿ ಹೊಗೆಯಿಂದ ಬರುವ ಶ್ವಾಸಕೋಶದ ಕಾಯಿಲೆ ಅದು. ಬೀಡಿ ಸೇದದ ಹೆಂಗಸರಿಗೂ ಬರುತ್ತದೆ. ಅದಿದ್ದವರಿಗೆ ಕೊರೊನಾದ ಅಪಾಯ ನಿಜವಾಗಿಯೂ ಜಾಸ್ತಿ. ಸ್ಪೈರೋಮೆಟ್ರಿ ಅಂತ ನಳಿಗೆಯಲ್ಲಿ ಊದಿಸುವ ಪರೀಕ್ಷೆ ಮಾಡಿದರೆ ಯಾವುದು ಅಂತ ತಿಳಿಯುತ್ತದೆ. ಹತ್ತು ವರ್ಷದಲ್ಲಿ ಒಮ್ಮೆಯೂ ಊದಿಸಿಲ್ಲ ಅಂದರೆ ಈಗ ಊದಿಸಿ.

ಆಸ್ತಮಾದವರು ಲಸಿಕೆ ಹಾಕಿಸಿಕೊಳ್ಳಬಾರದು ಅನ್ನೋದೂ ಸುಳ್ಳು. ಕರ್ಪೂರ, ಓಮು, ಲವಂಗದ ಪೊಟ್ಟಣ ಮೂಸಿದರೆ ಆಕ್ಸಿಜನ್ ಏರುತ್ತದೆ ಅಂತ ವಾಟ್ಸಾಪ್‌ನಲ್ಲಿ ಬಂದಿತ್ತಲ್ಲ, ಅದೂ ಅಷ್ಟೇ. ಘಾಟಿನ ವಾಸನೆ ನಮ್ಮಂಥವರಿಗೆ ಉಲ್ಟಾ ಹೊಡೆಯಬಹುದು. ಹೈದರಾಬಾದಿನ ಮೀನಿನ ಔಷಧವನ್ನು ನಾನೂ ಒಂದು ಮೃಗಶಿರಾ ಮಳೆಯಲ್ಲಿ ಸಾಲಿನಲ್ಲಿ ನಿಂತು ನುಂಗಿ ಬಂದವನೇ. ಪಂಪು ಬಿಡೋಕೆ ಆಗಲಿಲ್ಲ.

ಅವ್ವನಿಗೆ ಜ್ವರ ಬಂದರೆ ದಿನದ ಪಂಪು ಎಂದಿನಂತೆ ನಡೆಯಲಿ. ಮನೆಯಲ್ಲಿ ನೆಬ್ಯುಲೈಸರ್, ಅಂದರೆ ಔಷಧವನ್ನು ಮಂಜಿನಂತೆ ಮಾಡಿ ಎಳೆಸುವ ಯಂತ್ರ, ಹಚ್ಚಿದರೆ ಸೋಂಕು ಗಾಳಿಯಲ್ಲಿ ಹರಡಬಹುದು, ಅದಕ್ಕೇ ಆದಷ್ಟು ಪಂಪಿಗೆ ಸ್ಪೇಸರ್ ಸಿಕ್ಕಿಸಿ ಎಳೆಸಿ. ಪ್ಲಾಸ್ಟಿಕ್ ಡಬ್ಬಿಯಂಥದ್ದು, ಔಷಧದ ಅಂಗಡಿಯಲ್ಲಿ ಸಿಗುತ್ತದೆ. ಎಳೆದ ಮೇಲೆ ಬಾಯಿ ಮುಕ್ಕಳಿಸಬೇಕು, ಇಲ್ಲದಿದ್ದರೆ ನಾಲಿಗೆ ಮೇಲೆ ಬಿಳಿ ಬೂಸಲು. ಆಕ್ಸಿಮೀಟರ್ 94ಕ್ಕಿಂತ ಇಳಿದರೆ, ಅಥವಾ ಮಾತು ತುಂಡುತುಂಡಾದರೆ, ಬೆಳಗಾಗಲಿ ಅಂತ ಕಾಯಬೇಡಿ. ದೊಡ್ಡಾಸ್ಪತ್ರೆಗೆ ಹೊರಡಿ, ಎರಡೂ ಪಂಪು ಚೀಲದಲ್ಲಿರಲಿ.

ಇವತ್ತೇ ಒಂದು ಲೆಕ್ಕ ಹಾಕಿ. ಆಸ್ತಾಲಿನ್ ಪಂಪಿನಲ್ಲಿ 200 ಪಫ್ ಇರುತ್ತವೆ. ಅವ್ವ ವರ್ಷಕ್ಕೆ ಎಷ್ಟು ಖಾಲಿ ಮಾಡುತ್ತಾರೆ? ಮೂರು ಅಥವಾ ಅದಕ್ಕಿಂತ ಹೆಚ್ಚು ಅಂದರೆ ದಮ್ಮು ಹಿಡಿತದಲ್ಲಿಲ್ಲ, ದಿನದ ಪಂಪು ತಪ್ಪುತ್ತಿದೆ ಅಥವಾ ಎಳೆಯುವ ಕ್ರಮ ಸರಿ ಇಲ್ಲ. 2020ರಲ್ಲಿ ನಾನು ಒಂದನ್ನು ಮೂರೇ ವಾರಕ್ಕೆ ಮುಗಿಸಿದ್ದೆ. ಈಗಿನದು ದೀಪಾವಳಿಗೆ ತಂದದ್ದು, ಇನ್ನೂ ಅರ್ಧ ಉಳಿದಿದೆ. ನಿಮ್ಮ ಸಂಖ್ಯೆ ಕೆಳಗೆ ಬರೆಯಿರಿ, ನೋಡೋಣ.