ಒಂದು ಎಳೆ ಮಾತ್ರ ತುಂಡು ತುಂಡಾಗಿ ಏಕೆ?

ಪ್ರಶ್ನೆ: ಜೀವಕೋಶದಲ್ಲಿ ಡಿಎನ್‌ಎ ನಕಲಾಗುವಾಗ ಒಂದು ಹೊಸ ಎಳೆ ಉದ್ದಕ್ಕೂ ತಡೆಯಿಲ್ಲದೆ ಬೆಳೆಯುತ್ತದೆ, ಇನ್ನೊಂದು ಚಿಕ್ಕ ಚಿಕ್ಕ ತುಂಡುಗಳಾಗಿ ತಯಾರಾಗಿ ಆಮೇಲೆ ಜೋಡಣೆಯಾಗುತ್ತದೆ ಎಂದು ಪಾಠದಲ್ಲಿದೆ. ಎರಡನೆಯ ಎಳೆಗಾಗಿ ಹಿಮ್ಮುಖವಾಗಿ ಕೆಲಸ ಮಾಡುವ ಬೇರೊಂದು ಕಿಣ್ವ ಏಕೆ ಹುಟ್ಟಿಕೊಳ್ಳಲಿಲ್ಲ?
– ದ್ವಿತೀಯ ಪಿಯುಸಿ ವಿದ್ಯಾರ್ಥಿನಿ, ಉಡುಪಿ

ಉತ್ತರ: ಪರೀಕ್ಷೆಗೆಂದು ಈ ತುಂಡುಗಳ ಹೆಸರನ್ನು ಬಾಯಿಪಾಠ ಮಾಡಿ ಮುಂದೆ ಹೋಗುವವರೇ ಹೆಚ್ಚು. ನೀವು ಏಕೆ ಎಂದು ಕೇಳಿರುವುದರಿಂದ ಸ್ವಲ್ಪ ವಿಸ್ತಾರವಾಗಿಯೇ ಉತ್ತರಿಸುತ್ತೇನೆ.

ಡಿಎನ್‌ಎಯ ಎರಡು ಎಳೆಗಳು ಒಂದಕ್ಕೊಂದು ವಿರುದ್ಧ ದಿಕ್ಕಿಗೆ ಮುಖ ಮಾಡಿವೆ. ಹೊಸ ಎಳೆಯನ್ನು ಕಟ್ಟುವ ಪಾಲಿಮರೇಸ್ ಕಿಣ್ವವಾದರೋ, ಬೆಳೆಯುತ್ತಿರುವ ಎಳೆಯ 3 ಪ್ರೈಮ್ ಎಂಬ ತುದಿಗೆ ಮಾತ್ರ ಹೊಸ ನ್ಯೂಕ್ಲಿಯೋಟೈಡನ್ನು, ಅಂದರೆ ಡಿಎನ್‌ಎಯ ಒಂದು ಅಕ್ಷರವನ್ನು, ಸೇರಿಸಬಲ್ಲದು. ಹೆಲಿಕೇಸ್ ಎಂಬ ಕಿಣ್ವ ಎಳೆಗಳ ಜೋಡಿಯನ್ನು ಬಿಡಿಸುತ್ತಾ ಸಾಗುವ ದಿಕ್ಕಿನಲ್ಲಿಯೇ ಒಂದು ಹೊಸ ಎಳೆ ಬೆಳೆಯುತ್ತದೆ. ಇನ್ನೊಂದು ಅದಕ್ಕೆ ಬೆನ್ನು ಹಾಕಿ ಬೆಳೆಯಬೇಕಾದುದರಿಂದ, ಜೋಡಿ ಇನ್ನಷ್ಟು ಬಿಚ್ಚಿಕೊಂಡಾಗಲೆಲ್ಲ ಮತ್ತೆ ಮೊದಲಿನಿಂದ ಆರಂಭವಾಗಬೇಕು. ಜಪಾನಿನ ನಗೋಯಾ ವಿಶ್ವವಿದ್ಯಾಲಯದ ರೇಜಿ ಮತ್ತು ತ್ಸುನೆಕೊ ಒಕಾಜಾಕಿ ದಂಪತಿ 1960ರ ದಶಕದಲ್ಲಿ ಪತ್ತೆಹಚ್ಚಿದ ಈ ತುಂಡುಗಳು ಬ್ಯಾಕ್ಟೀರಿಯಾದಲ್ಲಿ 1000ದಿಂದ 2000 ನ್ಯೂಕ್ಲಿಯೋಟೈಡಿನಷ್ಟು ಉದ್ದವಿದ್ದರೆ, ನಮ್ಮಲ್ಲಿ 100ರಿಂದ 200 ಮಾತ್ರ. ಪ್ರತಿ ತುಂಡಿಗೂ ಆರಂಭಕ್ಕೆಂದು ಪ್ರೈಮರ್ ಎಂಬ ಚಿಕ್ಕ ಆರ್‌ಎನ್‌ಎ ತುಣುಕು ಹಾಕಬೇಕು, ಆಮೇಲೆ ಅದನ್ನು ತೆಗೆದು ತೆರವನ್ನು ತುಂಬಬೇಕು, ಕೊನೆಗೆ ಲೈಗೇಸ್ ಎಂಬ ಕಿಣ್ವ ಬಂದು ಬೆಸೆಯಬೇಕು. ಮನುಷ್ಯನ ಒಂದು ಕೋಶ ಒಮ್ಮೆ ವಿಭಜನೆಯಾಗಲು ಇಂಥ ಬೆಸುಗೆಗಳು ಕೋಟಿಗಟ್ಟಲೆ ಬೇಕಾಗುತ್ತವೆ.

ಇಷ್ಟೆಲ್ಲ ಪಡಿಪಾಟಲು ಏಕೆಂದರೆ, ತಪ್ಪನ್ನು ಅಳಿಸಲು. ಶಂಕರಪುರದ ಕಡೆ ಬಾಳೆನಾರಿನಲ್ಲಿ ಮಲ್ಲಿಗೆ ಕಟ್ಟುವವರನ್ನು ನೀವು ನೋಡಿಯೇ ಇರುತ್ತೀರಿ. ಬಾಡಿದ ಮೊಗ್ಗೊಂದು ಸೇರಿಬಿಟ್ಟರೆ ಅವರು ಕೊನೆಯ ಗಂಟನ್ನು ಸಡಿಲಿಸಿ, ಮೊಗ್ಗನ್ನು ತೆಗೆದೆಸೆದು, ಬೇರೆಯದನ್ನು ಇಟ್ಟು ಮುಂದುವರಿಯುತ್ತಾರೆ. ಈಗ ಪ್ರತಿ ಮೊಗ್ಗೂ ತನ್ನ ಗಂಟಿಗೆ ಬೇಕಾದ ನಾರನ್ನು ತಾನೇ ತರುತ್ತದೆ ಎಂದುಕೊಳ್ಳಿ. (ನಿಜವಾದ ಮಲ್ಲಿಗೆ ಚೆಂಡಿನಲ್ಲಿ ಹಾಗಿಲ್ಲ, ಹೋಲಿಕೆಗಾಗಿ ಈ ಸ್ವಾತಂತ್ರ್ಯ.) ಡಿಎನ್‌ಎಯಲ್ಲಿ ಆ ನಾರು ಎಂದರೆ ಹೊಸ ನ್ಯೂಕ್ಲಿಯೋಟೈಡ್ ಹೊತ್ತು ತರುವ ಮೂರು ಫಾಸ್ಫೇಟುಗಳು, ಅವುಗಳಲ್ಲಿ ಎರಡು ಕಳಚಿದಾಗ ಸಿಗುವ ಶಕ್ತಿಯಿಂದಲೇ ಬೆಸುಗೆ ಆಗುತ್ತದೆ. ತಪ್ಪು ಅಕ್ಷರವನ್ನು ಕತ್ತರಿಸಿ ತೆಗೆದರೂ ಎಳೆಯ ತುದಿ ಹಾಳಾಗುವುದಿಲ್ಲ, ಏಕೆಂದರೆ ಮುಂದೆ ಬರುವ ಅಕ್ಷರ ತನ್ನ ಶಕ್ತಿಯನ್ನು ತಾನೇ ತರುತ್ತದೆ. ಹಿಮ್ಮುಖ ಕಿಣ್ವವಿದ್ದಿದ್ದರೆ ಆ ಮೂರು ಫಾಸ್ಫೇಟುಗಳು ಬೆಳೆಯುವ ಎಳೆಯ ತುದಿಯಲ್ಲಿಯೇ ಇರಬೇಕಾಗುತ್ತಿತ್ತು. ತಪ್ಪು ಅಕ್ಷರವನ್ನು ತೆಗೆದೊಡನೆ ಅವೂ ಹೋಗಿ, ಎಳೆ ಅಲ್ಲಿಗೇ ನಿಂತುಬಿಡುತ್ತಿತ್ತು.

ಪಾಲಿಮರೇಸ್ ಅಕ್ಷರ ಆರಿಸುವಾಗ ಸುಮಾರು ಒಂದು ಲಕ್ಷಕ್ಕೆ ಒಮ್ಮೆ ಎಡವುತ್ತದೆ. ಇದು ಚಿಕ್ಕ ತಪ್ಪೆಂದು ತೋರಬಹುದು, ಆದರೆ ನಮ್ಮ ಕೋಶದಲ್ಲಿರುವುದು 600 ಕೋಟಿಗೂ ಹೆಚ್ಚು ಅಕ್ಷರಜೋಡಿ. ತಿದ್ದುಪಡಿಯಿಲ್ಲದಿದ್ದರೆ ಪ್ರತಿ ಮರಿಕೋಶಕ್ಕೂ 60 ಸಾವಿರ ತಪ್ಪುಗಳು ಹಂಚಿಹೋಗುತ್ತಿದ್ದವು. ಕಿಣ್ವ ತಾನೇ ಅಳಿಸಿ ಬರೆಯುವುದು, ಆಮೇಲೆ ಬೇರೆ ಪ್ರೋಟೀನುಗಳು ಬಂದು ಹೊಂದದ ಜೋಡಿಗಳನ್ನು ಹುಡುಕಿ ಸರಿಪಡಿಸುವುದು, ಇವೆರಡೂ ಸೇರಿ ತಪ್ಪಿನ ಪ್ರಮಾಣವನ್ನು ನೂರು ಕೋಟಿಗೆ ಒಂದರ ಆಸುಪಾಸಿಗೆ ಇಳಿಸುತ್ತವೆ.

ಹಿಮ್ಮುಖ ಜೋಡಣೆ ಅಸಾಧ್ಯವೇನಲ್ಲ ಎಂಬುದನ್ನೂ ಹೇಳಬೇಕು. ಹಿಸ್ಟಿಡಿನ್ ಎಂಬ ಅಮೈನೋ ಆಮ್ಲವನ್ನು ಒಯ್ಯುವ ಆರ್‌ಎನ್‌ಎಯ (ಟಿಆರ್‌ಎನ್‌ಎ) ತುದಿಗೆ ಗ್ವಾನಿನ್ ಎಂಬ ಅಕ್ಷರ ಸೇರಿಸುವ ಕಿಣ್ವವೊಂದು ಹಾಗೆಯೇ ಕೆಲಸ ಮಾಡುತ್ತದೆ. ಆದರೆ ಅದು ಸೇರಿಸುವುದು ಒಂದೇ ಒಂದು ಅಕ್ಷರವನ್ನು.

ಪ್ರಶ್ನೆ: ಇ. ಕೋಲೈ ಬ್ಯಾಕ್ಟೀರಿಯಾಕ್ಕೆ ಡಿಎನ್‌ಎ ನಕಲಿಸಲು 40 ನಿಮಿಷ ಬೇಕು, ಆದರೂ ಅದು 20 ನಿಮಿಷಕ್ಕೊಮ್ಮೆ ಇಬ್ಭಾಗವಾಗುತ್ತದೆ ಎಂದು ಓದಿದೆ. ಈ ಲೆಕ್ಕ ಹೊಂದುವುದು ಹೇಗೆ?
– ನಿವೃತ್ತ ಅಧ್ಯಾಪಕರು, ಮಂಗಳೂರು

ಉತ್ತರ: ಎರಡೂ ಅಂಕಿಗಳು ಸರಿಯಾಗಿಯೇ ಇವೆ. 46 ಲಕ್ಷ ಅಕ್ಷರಜೋಡಿಗಳ, ವರ್ತುಲಾಕಾರದ ಅದರ ಡಿಎನ್‌ಎಯಲ್ಲಿ ನಕಲು ಒಂದೇ ಸ್ಥಳದಿಂದ ಎರಡೂ ಕಡೆಗೆ ಹೊರಟು, ಪ್ರತಿ ಕಡೆಯೂ ಸೆಕೆಂಡಿಗೆ ಸುಮಾರು 1000 ಅಕ್ಷರದಂತೆ ಸಾಗುತ್ತದೆ; ಭಾಗಿಸಿ ನೋಡಿದರೆ 40 ನಿಮಿಷದ ಹತ್ತಿರ ಬರುತ್ತದೆ. ಆದರೆ ಆಹಾರ ಸಮೃದ್ಧವಾಗಿದ್ದಾಗ ಒಂದು ಸುತ್ತು ಮುಗಿಯುವ ಮೊದಲೇ ಅರ್ಧ ನಕಲಾದ ಎಳೆಗಳ ಮೇಲೆ ಮುಂದಿನ ಸುತ್ತು ಶುರುವಾಗಿರುತ್ತದೆ. ನಕಲು ಮುಗಿದ ಮೇಲೂ ಕೋಶ ಒಡೆಯಲು ಸುಮಾರು 20 ನಿಮಿಷ ಬೇಕಾಗುವುದರಿಂದ, ಈಗ ಒಡೆಯುತ್ತಿರುವ ಕೋಶದ ನಕಲು ಅದರ ಅಜ್ಜಿ ಹುಟ್ಟಿದ ಹೊತ್ತಿಗೇ ಆರಂಭವಾಗಿತ್ತು ಎಂದಾಯಿತು.